ಬುಧವಾರದ ಭಾರ

ಶರಫುದ್ದೀನನ ಕೈಗೆ ಜೀಪು ಕೊಟ್ಟದ್ದು ಸರ್ಕಾರ. ಆದರೆ ಗಾಡಿ ಎಂದರೇನು ಎಂಬುದನ್ನು ಅವನಿಗೆ ಕಲಿಸಿದ್ದು ಸರ್ಕಾರವೂ ಅಲ್ಲ, ಲೈಸೆನ್ಸು ಕೊಟ್ಟ ಕಚೇರಿಯೂ ಅಲ್ಲ. ಆಳಂದದ ಒಂದು ಹಳೇ ಟಾಂಗಾ. ಅವನ ಅಪ್ಪ ಯಾಕೂಬಸಾಬ ಬಸ್‌ಸ್ಟ್ಯಾಂಡಿನ ಎದುರು ಟಾಂಗಾ ನಿಲ್ಲಿಸುತ್ತಿದ್ದ. ಏರು ಬಂದರೆ "ಮುಂದ ಸರೀರಿ", ಇಳಿಜಾರು ಬಂದರೆ "ಹಿಂದ ಸರೀರಿ", ಓಣಿಯ ತಿರುವಿನಲ್ಲಿ "ಈ ಮಗ್ಗಲಿಗೆ ಬರ್ರಿ" ಎಂದು ದಿನವಿಡೀ ಗಂಟಲು ಹರಿದುಕೊಳ್ಳುತ್ತಿದ್ದ. ಕೂತವರು ಶಾಲೆಯ ಮಾಸ್ತರರಿರಲಿ, ತಹಸೀಲ್ದಾರರ ಹೆಂಡತಿಯಿರಲಿ, ಅವನ ಮಾತಿಗೆ ಸರಿಯಲೇಬೇಕು. "ಕುದರಿ ಎಳೀತದ ಅಂತ ಮಂದಿ ತಿಳ್ಕೊಂಡಾರ," ಎಂದು ಮಗನಿಗೆ ಹೇಳುತ್ತಿದ್ದ. "ಗಾಲಿ ನೆಲಾ ಹಿಡೀದಿದ್ರ ಕುದರಿ ಪಾಪ ಏನ್ ಮಾಡ್ತದ?"

ಟಾಂಗಾದ ಕಾಲ ಮುಗಿಯುತ್ತ ಬಂದಾಗ ಶರಫುದ್ದೀನ ಅಫಜಲಪುರಕ್ಕೆ ಹೋಗಿ ಶೇಂಗಾ ಲಾರಿಯಲ್ಲಿ ಮೊದಲು ಕ್ಲೀನರ್, ಆಮೇಲೆ ಡ್ರೈವರ್ ಆದ. ಅತನೂರಿನ ಹೊಲಗಳಿಂದ ಚೀಲ ಹೊತ್ತು ತರುವ ಲಾರಿ ಅದು. ಮಳೆ ಬಿದ್ದ ಎರೆಮಣ್ಣು ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಮನುಷ್ಯ ಅರ್ಧ ಅಡಿ ಎತ್ತರವಾಗುತ್ತಾನೆ. ಅಂಥ ಮಣ್ಣಿನಲ್ಲಿ ಲಾರಿ ಓಡಿಸಿದವನು ಎಂಬ ಹೆಸರಿನ ಮೇಲೆಯೇ ಎಪ್ಪತ್ನಾಲ್ಕರಲ್ಲಿ ಅವನನ್ನು ಜೇವರ್ಗಿ ಕಡೆಯ ಒಂದು ಸಣ್ಣ ಸರ್ಕಾರಿ ದವಾಖಾನೆಗೆ ಜೀಪಿನ ಡ್ರೈವರ್ ಆಗಿ ತೆಗೆದುಕೊಂಡರು.

ಕೆಲಸ ಹಂಗಾಮಿ. ಆರು ತಿಂಗಳಿಗೊಮ್ಮೆ ಒಂದು ದಿನ ಕೆಲಸದಿಂದ ಬಿಡಿಸಿ ಮರುದಿನ ಮತ್ತೆ ಸೇರಿಸಿಕೊಳ್ಳುತ್ತಿದ್ದರು, ಸತತ ದುಡಿದಿದ್ದೇನೆ ಎಂದು ಅವನು ಹಕ್ಕು ಕೇಳಬಾರದಲ್ಲ, ಅದಕ್ಕೆ. ಆ ಒಂದು ದಿನ ಅವನು ಜೀಪಿನ ನೆರಳಲ್ಲೇ ಕೂತು ಬೀಡಿ ಸೇದುತ್ತಿದ್ದ. ಎಲ್ಲಿಗೆ ಹೋಗಬೇಕು ಪಾಪ. ಮನೆಗೆ ಹೋದರೆ ಹೆಂಡತಿ ಖಾಸೀಂಬಿ ನೌಕರಿ ಖಾಯಂ ಆಯಿತೇ ಎಂದು ಬಾಗಿಲಲ್ಲೇ ಕೇಳುತ್ತಿದ್ದಳು: "ಖಾಯಂ ಹುವಾ ಕ್ಯಾ?" ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ನಾಳೆ ಸಂಬಂಧ ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಅಪ್ಪನ ನೌಕರಿ ಖಾಯಮ್ಮೋ ಅಲ್ಲವೋ ಎಂದು ನೋಡುತ್ತಾರೆ ಎಂಬುದು ಅವಳ ಚಿಂತೆ. ತಪ್ಪೇನೂ ಅಲ್ಲ.

ದವಾಖಾನೆಯ ನರ್ಸಬಾಯಿ ಸುಮಿತ್ರಾಬಾಯಿ ನರೋಣಾದವರು. ಬಿಗಿ ಜಡೆ, ಅದಕ್ಕಿಂತ ಬಿಗಿಯಾದ ಮಾತು. ದಿನಕ್ಕೊಂದು ಊರಿನಂತೆ ಹೋಗಿ ಮಕ್ಕಳಿಗೆ ಸೂಜಿ ಹಾಕುವುದು, ಬಸುರಿ ಬಾಣಂತಿಯರನ್ನು ನೋಡುವುದು ಅವರ ಕೆಲಸ. ಲಸಿಕೆ ಕೆಡದಂತೆ ಬರ್ಫ ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಶರಫುದ್ದೀನನಿಗೆ ಅವರು ಅಕ್ಕಾರ, ಅವರಿಗೆ ಅವನು ಶರಫಣ್ಣ. ಬುಧವಾರ ಬಂತೆಂದರೆ ಇಬ್ಬರೂ ಬಿಸ್ಮಿಲ್ಲಾ, ಶಿವಶಿವಾ ಎರಡನ್ನೂ ಹೇಳಿಯೇ ಹೊರಡುತ್ತಿದ್ದರು, ಏಕೆಂದರೆ ಬುಧವಾರ ಕಡಕಿಹಾಳ.

ಕಡಕಿಹಾಳ ಇಜೇರಿ ದಾಟಿ ಆರು ಮೈಲು ಒಳಗೆ. ಎಪ್ಪತ್ತು ಮನೆಯ ಊರು. ಹಾದಿ ಎಂದರೆ ಬಂಡಿ ಹಾದಿ. ಬಂಡಿಯ ಗಾಲಿಗಳ ನಡುವಿನ ಅಂತರ ಬೇರೆ, ಜೀಪಿನದು ಬೇರೆ. ತಲೆಮಾರುಗಳಿಂದ ಬಂಡಿಗಳು ಕೊರೆದ ಎರಡು ಕೊರಕಲುಗಳಲ್ಲಿ ಜೀಪಿನ ಒಂದು ಮಗ್ಗಲು ಇಳಿದರೆ ಇನ್ನೊಂದು ಮಗ್ಗಲು ನಡುವಿನ ದಿಣ್ಣೆಯ ಮೇಲೆ. ಹಾಗೆ ಒಂದು ಹೆಗಲು ಇಳಿಬಿಟ್ಟುಕೊಂಡೇ ಆರು ಮೈಲು ಹೋಗಬೇಕು. ಅದಾದರೂ ನಡೆದೀತು. ಊರು ಇನ್ನೇನು ಕಂಡಿತು ಎನ್ನುವಾಗ ಹಾದಿ ಹಳ್ಳಕ್ಕೆ ಧುಮುಕುತ್ತಿತ್ತು. ತಳದಲ್ಲಿ ಒಂದು ಆಳೆತ್ತರದ ಬಂಡೆ. ಅದನ್ನು ಬಳಸಿ ಗಕ್ಕನೆ ಎಡಕ್ಕೆ ತಿರುಗಬೇಕು, ತಿರುಗುತ್ತಲೇ ಏರಬೇಕು.

ಮೊದಲ ಬುಧವಾರವೇ ಅಲ್ಲಿ ಜೀಪು ಕೈಕೊಟ್ಟಿತು. ತಿರುಗುವಾಗ ಮುಂದಿನ ಎಡಗಾಲಿ ದಿಣ್ಣೆ ಏರಿತು, ಹಿಂದಿನ ಬಲಗಾಲಿ ಇನ್ನೊಂದು ದಿಣ್ಣೆಯ ಮೇಲೆ ಕೂತಿತು. ಉಳಿದೆರಡಕ್ಕೆ ನೆಲವೇ ಸಿಗಲಿಲ್ಲ. ಕಾಲು ಗಿಡ್ಡವಾದ ಮಂಚ ಓಲಾಡುವ ಹಾಗೆ ಜೀಪು ಓಲಾಡತೊಡಗಿತು. ಹಿಂದಿನ ಎಡಗಾಲಿ ಗಾಳಿಯಲ್ಲಿ ಗರಗರ ತಿರುಗಿತು. ಇಂಜಿನ್ನಿನ ಬಲಕ್ಕೊಂದು ಕೆಟ್ಟ ಚಾಳಿಯಿದೆ: ನೆಲದ ಮೇಲೆ ನಿಂತ ಗಾಲಿಯನ್ನು ಬಿಟ್ಟು ಗಾಳಿಯಲ್ಲಿರುವ ಗಾಲಿಗೇ ಹೋಗಿ ಸೇರುತ್ತದೆ. ದುಡಿಯುವವನನ್ನು ಬಿಟ್ಟು ಕೈಬೀಸುವವನಿಗೆ ಕೂಲಿ ಕೊಟ್ಟ ಹಾಗೆ. ಶರಫುದ್ದೀನ ನಾಲ್ಕೂ ಗಾಲಿಗೆ ಬಲ ಕೊಡುವ ಗೇರು ಹಾಕಿ ನೋಡಿದ. ಗಾಳಿಯಲ್ಲಿ ತಿರುಗುವ ಗಾಲಿ ಒಂದಿದ್ದದ್ದು ಎರಡಾಯಿತು, ಅಷ್ಟೇ ಲಾಭ.

ಮೂರು ಬುಧವಾರ ಹೀಗೇ ಆಯಿತು. ನಾಲ್ಕನೆಯ ವಾರ ಡಾಕ್ಟರು, "ಗಾಡಿ ಹೋಗದ ಊರು ಪಟ್ಟಿಯಲ್ಲಿ ಯಾಕಿರಬೇಕು, ಕಡಕಿಹಾಳ ತೆಗೆದುಬಿಡೋಣ," ಎಂದರು. ಸುಮಿತ್ರಾಬಾಯಿ ಆವತ್ತು ಚಹಾ ಕುಡಿಯಲಿಲ್ಲ. ಹಿಂದಿನ ವರ್ಷ ಆ ಊರಲ್ಲಿ ಗಂಟಲಮಾರಿ ಬಂದು ಮೂರು ಕೂಸುಗಳು ಉಸಿರು ಸಿಗದೆ ಸತ್ತಿದ್ದವು. ಒಂದು ಕೂಸು ಅವರ ತೊಡೆಯ ಮೇಲೆಯೇ ಹೋಗಿತ್ತು.

"ಶರಫಣ್ಣ, ಆ ಹಳ್ಳ ದಾಟಿಸೋದು ನಿನ್ನ ಕೈಲಿ ಆಗೂದಿಲ್ಲ ಅಂತ ಅಂದುಬಿಡು, ನಾ ಬ್ಯಾರೆ ಹಾದಿ ನೋಡ್ತೇನಿ," ಎಂದರು.

"ಒಂದು ವಾರ ಕೊಡ್ರಿ ಅಕ್ಕಾರ," ಎಂದ ಅವನು.

ಆ ವಾರ ಅವನು ಜೀಪನ್ನು ತಿರುವಿನಲ್ಲಿ ನಿಲ್ಲಿಸಿ ಕಡಕಿಹಾಳದ ಕಮ್ಮಾರ ಮೋನಪ್ಪನನ್ನು ಕರೆತಂದ. ಇಬ್ಬರೂ ಜೀಪಿನ ಕೆಳಗೆ ಮಲಗಿದರು. ಹಿಂದಿನ ಒಂದೊಂದು ಗಾಲಿಯ ಮೇಲೂ ಬಿಲ್ಲಿನ ಹಾಗೆ ಬಾಗಿದ ಒಂಬತ್ತು ಉಕ್ಕಿನ ಪಟ್ಟಿಗಳು, ಒಂದರ ಮೇಲೊಂದು. ಅವಕ್ಕೆ ನಮ್ಮ ಕಡೆ ಪಾಟಾ ಎನ್ನುತ್ತಾರೆ.

"ಇವು ಭಾಳ ಬಿರುಸು ಅವ ಮೋನಪ್ಪ," ಎಂದ ಶರಫುದ್ದೀನ. "ಹತ್ತು ಮಂದಿ ಹೊರಾಕ ಮಾಡ್ಯಾರ. ಮ್ಯಾಲ ಭಾರ ಏನದ? ನರ್ಸಬಾಯಿ ಒಬ್ಬಾಕಿ, ಬರ್ಫದ ಡಬ್ಬಿ ಒಂದು. ಭಾರ ಇಲ್ಲದ ಪಾಟಾ ಬಗ್ಗೂದಿಲ್ಲ. ಅದು ಬಗ್ಗದಿದ್ರ ಗಾಲಿ ತಗ್ಗಿಗೆ ಇಳಿಯೂದಿಲ್ಲ."

"ಅಂದ್ರ ಮೆತ್ತಗ ಮಾಡಬೇಕು."

"ಒಂದೊಂದು ಕಡಿ ಎರಡೆರಡು ತಗಿ."

ಮೋನಪ್ಪ ತೆಗೆದ. ಮಧ್ಯಾಹ್ನದ ಹೊತ್ತಿಗೆ ಶರಫುದ್ದೀನ ಜೀಪು ಏರಿ ಆ ತಿರುವಿಗೆ ಬಿಟ್ಟ. ಮುಂದಿನ ಎಡಗಾಲಿ ದಿಣ್ಣೆ ಏರಿತು. ಸುಮಿತ್ರಾಬಾಯಿ, ಮೋನಪ್ಪ, ಹಳ್ಳಕ್ಕೆ ಬಂದಿದ್ದ ಊರವರು ಎಲ್ಲರೂ ಹಿಂದಿನ ಗಾಲಿಯನ್ನೇ ನೋಡುತ್ತಿದ್ದರು. ಕೂಸು ತೊಟ್ಟಿಲಿಂದ ಕಾಲು ಇಳಿಬಿಟ್ಟ ಹಾಗೆ ಅದು ಮೆಲ್ಲಗೆ ಕೊರಕಲಿಗೆ ಇಳಿಯಿತು, ಮಣ್ಣು ಕಚ್ಚಿತು, ಜೀಪು ಬಂಡೆಯನ್ನು ಬಳಸಿ ಏರು ಹತ್ತಿ ಊರ ಮುಂದೆ ನಿಂತಿತು. ಸುಮಿತ್ರಾಬಾಯಿ ಕಣ್ಣು ಒರೆಸಿಕೊಂಡು, ಧೂಳು ಬಿತ್ತು ಎಂದರು.

ಇನ್ನು ಆ ನಾಲ್ಕು ಪಾಟಾದ ಮಾತು. ಕಡಕಿಹಾಳದಲ್ಲಿ ಕಮ್ಮಾರನಿಗೆ ಯಾರೂ ರೊಕ್ಕ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಅವನ ಪಾಲಿನ ಜೋಳ ಅವನಿಗೆ, ರಿಪೇರಿಯಲ್ಲಿ ಮಿಕ್ಕ ಕಬ್ಬಿಣ ಅವನಿಗೆ. ಅಜ್ಜ ಮುತ್ತಜ್ಜರ ಕಾಲದಿಂದ ಬಂದ ಪದ್ಧತಿ. ಮೋನಪ್ಪ, "ಇವು?" ಎಂದು ಕಣ್ಣಲ್ಲೇ ಕೇಳಿದ. ಶರಫುದ್ದೀನ, "ನಿನ್ನವಪಾ," ಎಂದ. ಸರ್ಕಾರದ ಕಬ್ಬಿಣಕ್ಕೆ ಊರ ಪದ್ಧತಿ ನಡೆಯುವುದಿಲ್ಲ ಎಂದು ಆ ಇಬ್ಬರು ದೊಡ್ಡ ಮನುಷ್ಯರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪಾಟಾದ ಉಕ್ಕಿನಷ್ಟು ಹರಿತ ಬೇರೆ ಯಾವುದಕ್ಕೂ ಬರುವುದಿಲ್ಲ. ಮೋನಪ್ಪ ಅವನ್ನು ಕಾಯಿಸಿ, ಬಡಿದು, ಕಸ ತೆಗೆಯುವ ಹದಿನಾಲ್ಕು ಕುರಪಿ ಮಾಡಿ ಊರ ಹೆಣ್ಣುಮಕ್ಕಳಿಗೆ ಹಂಚಿದ.

ಮೊದಲ ಕುರಪಿ ಹೋದದ್ದು ಹೀರಾಬಾಯಿಗೆ. ಆಳು ಎಂದರೆ ಆಳು, ಎರಡು ಎಕರೆ ಸಜ್ಜೆಯ ಕಳೆಯನ್ನು ಒಬ್ಬಳೇ ತೆಗೆಯುವಾಕೆ. ಬಾಯಿ ತೆರೆದರೆ ಹಳ್ಳದಾಚೆಯ ಹೊಲದವರೂ ತಲೆಯೆತ್ತಬೇಕು. ಸೂಜಿ ಹಾಕಿದರೆ ಕೂಸಿನ ಕಾಲು ಸೊಟ್ಟಗಾಗುತ್ತದೆ ಎಂದು ಊರೆಲ್ಲ ಹೆದರಿ ಕೂತಾಗ, "ಕಾಲು ಸೊಟ್ಟಗಾದ್ರ ಕುಂಟಕೋತ ಶಾಲಿಗೆ ಹೋಗ್ತದ, ಸತ್ತ್ರ ಎಲ್ಲಿಗೆ ಹೋಗ್ತದ?" ಎಂದು ತನ್ನ ಮೊಮ್ಮಗನನ್ನು ಮೊದಲು ಎತ್ತಿ ಕೊಟ್ಟವಳು ಅವಳೇ. ಶರಫುದ್ದೀನ ಅವಳನ್ನು ಕಾಕಿ ಎನ್ನುತ್ತಿದ್ದ.

ಐದು ವರ್ಷ ಬುಧವಾರ ತಪ್ಪಲಿಲ್ಲ. ಗಂಟಲಮಾರಿ ಆ ಊರಿನತ್ತ ತಿರುಗಿ ನೋಡಲಿಲ್ಲ. ಮೆತ್ತಗಾದ ಪಾಟಾದ ಮೇಲೆ ಜೀಪು ತೂಗಿಕೊಂಡು ಹೋಗುವಾಗ ಸುಮಿತ್ರಾಬಾಯಿಗೆ ಕೂತಲ್ಲೇ ಜೊಂಪು ಹತ್ತುತ್ತಿತ್ತು. ಬರ್ಫದ ಡಬ್ಬಿ ಮಾತ್ರ ಕೈಯಿಂದ ಸಡಿಲುತ್ತಿರಲಿಲ್ಲ. ಅವು ಎಂಥ ದಿನಗಳು ಎಂದು ಮುಂದೆ ಇಬ್ಬರೂ ಎಷ್ಟೋ ಸಲ ಅಂದುಕೊಂಡರು.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ಹಂಗಾಮಿ ಡ್ರೈವರುಗಳನ್ನು ಖಾಯಂ ಮಾಡುವ ಪಟ್ಟಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅದಕ್ಕೆ ಮುಂಚೆ ಅವರವರ ಗಾಡಿ ತಪಾಸಣೆಯಾಗಬೇಕಿತ್ತು. ಗುಲ್ಬರ್ಗಾದಿಂದ ಜಗದೇವಪ್ಪ ಸಾಹೇಬರು ಬಂದರು. ಎಣ್ಣೆ ಮೆತ್ತಿದ ಉಗುರಿನ ಇಂಜಿನಿಯರು, ಕುರ್ಚಿಯಲ್ಲಿ ಕೂತು ನೋಡುವವರಲ್ಲ. ಜೀಪಿನ ಹಿಂಭಾಗ ಎರಡು ಬೆರಳು ತಗ್ಗಿದ್ದು ಕಂಡ ಕೂಡಲೇ ಕೆಳಗೆ ಮಲಗಿದರು. ಎದ್ದಾಗ ಅವರ ಮುಖ ಬೇರೆಯಾಗಿತ್ತು.

"ಒಂಬತ್ತಿರಬೇಕು, ಏಳ ಅವ. ಆ ಕಡೀನೂ ಏಳ. ನಾಕು ಪಾಟಾ ಎಲ್ಲಿ?"

ಶರಫುದ್ದೀನ ಬಾಯಿ ಬಿಡಲಿಲ್ಲ. ತನ್ನ ತಲೆಯ ಮೇಲಷ್ಟೇ ಬರುವುದಾಗಿದ್ದರೆ ಅವನು ಹೇಳಿಬಿಡುತ್ತಿದ್ದ. ಆದರೆ ನಿಜ ಹೇಳಿದರೆ ಸರ್ಕಾರದ ಕಬ್ಬಿಣ ಇಟ್ಟುಕೊಂಡವನು ಎಂದು ಮೋನಪ್ಪನನ್ನು ಪೊಲೀಸರು ಕರೆದೊಯ್ಯುತ್ತಾರೆ.

"ಮಾರಿದ್ರ ಮಾರೀನಿ ಅನ್ನು," ಎಂದರು ಸಾಹೇಬರು. "ನಾಳೆ ಹತ್ತು ಗಂಟೆಕ್ಕ ನಂಗ ಜವಾಬು ಬೇಕು. ಇಲ್ಲಂದ್ರ ನಿನ್ನ ಹೆಸರು ಪಟ್ಟಿಯಾಗ ಇರೂದಿಲ್ಲ, ಈ ಜೀಪಿನಾಗ ನೀನೂ ಇರೂದಿಲ್ಲ."

ಸಂಜೆ ಸುಮಿತ್ರಾಬಾಯಿ ಅವನನ್ನು ದವಾಖಾನೆಯ ಕಟ್ಟೆಯ ಮೇಲೆ ಕೂರಿಸಿಕೊಂಡರು. "ನೀ ನಾಳೆ ಬಾಯಿ ಬಿಡಬ್ಯಾಡ. ನಾ ಹೇಳ್ತೇನಿ. ನಂಗ ಪಾಪ ಹತ್ತಿದ್ರ ಹತ್ತಲಿ." ಮರುದಿನ ಅವರು ಸಾಹೇಬರ ಎದುರು ನಿಂತು, ಎರಡು ವರ್ಷದ ಹಿಂದೆ ಹಳ್ಳದ ಬಂಡೆಗೆ ಬಡಿದು ಪಾಟಾ ಮುರಿದವು, ತುಂಡುಗಳು ಮಳೆಗೆ ಕೊಚ್ಚಿಹೋದವು ಎಂದು ಕಣ್ಣು ಮಿಟುಕಿಸದೆ ಹೇಳಿದರು. ಅಷ್ಟು ಚೆಂದದ ಸುಳ್ಳನ್ನು ಅಷ್ಟು ಪ್ರಾಮಾಣಿಕ ಮುಖ ಹೇಳಿದ್ದನ್ನು ಶರಫುದ್ದೀನ ಕಂಡಿರಲಿಲ್ಲ. ಸಾಹೇಬರು ಪೆನ್ನು ತೆಗೆದರು. "ಪ್ರಯಾಣದಲ್ಲಿ ಮುರಿದು" ಎಂಬಷ್ಟು ಬರೆದಿದ್ದರು. ಅಷ್ಟರಲ್ಲಿ ಅಂಗಳದಲ್ಲಿ ಬಳೆಗಳ ಸದ್ದು.

ಸುದ್ದಿಗೆ ಹಾದಿ ಬೇಕಾಗಿಲ್ಲ, ತಿರುವೂ ಅಡ್ಡಿಯಲ್ಲ. ಡ್ರೈವರ ಸರ್ಕಾರದ ಕಬ್ಬಿಣ ಮಾರಿಕೊಂಡ ಎಂಬ ಮಾತು ರಾತ್ರಿಯೊಳಗೆ ಕಡಕಿಹಾಳ ಮುಟ್ಟಿತ್ತು. ಕಳೆ ತೆಗೆಯುವ ಕೆಲಸ ಬಿಟ್ಟು ಕೆಸರು ತುಳಿದುಕೊಂಡು ಹದಿನಾಲ್ಕು ಹೆಂಗಸರು ಬಂದಿದ್ದರು, ಮುಂದೆ ಹೀರಾಬಾಯಿ. ಅವಳು ಸೆರಗಿನ ಗಂಟು ಬಿಚ್ಚಿ ಒಂದು ಕುರಪಿಯನ್ನು ಸಾಹೇಬರ ಮೇಜಿನ ಮೇಲೆ ಠಣ್ಣೆಂದು ಇಟ್ಟಳು. ಹಿಂದಿನವರೂ ಒಬ್ಬೊಬ್ಬರೇ ಬಂದು ಇಟ್ಟರು.

"ಇವ ಮಾರ್ಯಾನ ಅಂತ ಯಾವ ನಾಲಿಗಿ ಅಂತು ಸಾಹೇಬ್ರ?" ಎಂದಳು ಹೀರಾಬಾಯಿ. "ಎಣಿಸ್ಕೋರಿ. ನಿಮ್ಮ ಕಬ್ಬಿಣ ಎಲ್ಲೂ ಹೋಗಿಲ್ಲ. ಮೋನಪ್ಪ ಬಡದಾನ, ನಾವು ಇಟ್ಕೊಂಡೇವಿ. ಹದಿನಾಕೂ ಇಲ್ಲೇ ಅವ."

ಸುಮಿತ್ರಾಬಾಯಿ ಮುಖಕ್ಕೆ ಸೆರಗು ಮುಚ್ಚಿಕೊಂಡರು. ಅವರು ಕಷ್ಟಪಟ್ಟು ಕಟ್ಟಿದ ಸುಳ್ಳನ್ನು ಊರು ಪ್ರೀತಿಯಿಂದಲೇ ಕೆಡವಿಹಾಕಿತ್ತು. ಈಗ ಡ್ರೈವರನೂ ಸಿಕ್ಕ, ಕಮ್ಮಾರನೂ ಸಿಕ್ಕ, ಹದಿನಾಲ್ಕು ಹೆಂಗಸರೂ ಸಿಕ್ಕರು. ಸಾಹೇಬರು ಒಂದು ಕುರಪಿ ಎತ್ತಿಕೊಂಡು ಅದರ ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದರು.

"ಬಾಯಾರ, ಹಳ್ಳಕ್ಕ ಹರಕೊಂಡು ಹೋದ ಪಾಟಾ ಕುರಪಿ ಆಗಿ ತೇಲಿ ಬಂದಾವಲ್ಲ," ಎಂದರು. ಯಾರೂ ನಗಲಿಲ್ಲ. ಆಮೇಲೆ ಶರಫುದ್ದೀನನ ಕಡೆಗೆ ತಿರುಗಿ, "ಯಾಕ ತಗದಿ? ಖರೆ ಹೇಳು," ಎಂದರು.

"ಹೇಳಿದ್ರ ತಿಳಿಯೂದಿಲ್ರಿ. ಬರ್ರಿ, ತೋರಸ್ತೇನಿ."

ಸಾಹೇಬರು ಹೋದರು. ತಿರುವಿಗೆ ಬಂದಾಗ ಜೀಪಿನಿಂದ ಇಳಿದು, ಇಸ್ತ್ರಿ ಮಾಡಿದ ಅಂಗಿಯಲ್ಲೇ ಹಳ್ಳದ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಗಲ್ಲ ನೆಲಕ್ಕೆ ಹಚ್ಚಿ ಹಿಂದಿನ ಗಾಲಿಯನ್ನು ನೋಡಿದರು. ಒಮ್ಮೆಯಲ್ಲ, ಮೂರು ಸಲ ಜೀಪನ್ನು ಹಿಂದೆ ಮುಂದೆ ಓಡಿಸಿ ತೋರಿಸು ಎಂದರು. ಮೂರನೆಯ ಸಲ ಅವರ ಮುಖದಲ್ಲಿ ಸಾಹೇಬರು ಹೋಗಿ ಗ್ಯಾರೇಜಿನ ಹುಡುಗ ಬಂದಿದ್ದ.

"ನೀ ಮಾಡಿದ್ದು ಬರೋಬರಿ ಅದ," ಎಂದರು, ಬಂಡೆಯ ಮೇಲೆ ಕೂತು ಕೆಸರು ಒರೆಸಿಕೊಳ್ಳುತ್ತ. "ಆದ್ರ ನಾಳೆ ಇದರಾಗ ಹತ್ತು ಮಂದಿ ಹೆಣ್ಣುಮಕ್ಕಳು ಕೂಸು ಕರಕೊಂಡು ಕುಂತ್ರು, ಏಳು ಪಾಟಾ ಮುರೀತು, ಗಾಡಿ ಉರುಳ್ತು ಅಂದ್ರ? ಆವಾಗ ನೀ ಬರೋಬರಿ ಇದ್ದಿ ಅಂತ ನಾ ಯಾರಿಗೆ ಹೇಳ್ಲಿ?"

ಶರಫುದ್ದೀನ ಬಗ್ಗಿ ಆ ಏಳು ಪಾಟಾಗಳನ್ನು ನೋಡಿದ. ಸಾಹೇಬರೇ ಮುಂದುವರಿಸಿದರು.

"ಮುರಿದು ಹೋದವು ಅಂತನೇ ಬರೀತೇನಿ. ಇಪ್ಪತ್ತೆರಡು ವರ್ಷದ ನೌಕರಿಯಾಗ ನಾ ಬರೆಯೋ ಮೊದಲನೇ ಸುಳ್ಳು. ಹೊಸಾ ಪಾಟಾ ಬರ್ತಾವ. ಈ ಜೀಪು ಸರ್ಕಾರದ್ದು ಇರೂತನ ಒಂದ ಒಂದು ಪಾಟಾ ತಗಿಯೂದಿಲ್ಲಂತ ನಂಗ ಮಾತು ಕೊಡು."

ಶರಫುದ್ದೀನ ಅವರ ಕೆಸರುಗೈ ಹಿಡಿದು ಮಾತು ಕೊಟ್ಟ. ದವಾಖಾನೆಗೆ ಮರಳಿದ ಸಾಹೇಬರು, ಕಾದು ಕೂತಿದ್ದ ಹೆಂಗಸರಿಗೆ ಕುರಪಿ ತಿರುಗಿ ಕೊಟ್ಟು, "ಹೋಗ್ರಿ, ಹೊಲದಾಗ ಕಸ ಬೆಳೀಲಿಕತ್ತದ," ಎಂದರು.

ತಿಂಗಳೊಪ್ಪತ್ತಿನಲ್ಲಿ ಖಾಯಂ ಆದೇಶ ಬಂತು. ಖಾಸೀಂಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅದೇ ವಾರ ನಾಲ್ಕು ಹೊಸ ಪಾಟಾ ಬಂದು ಜೀಪಿನ ಬೆನ್ನು ಸೆಟೆದು ನಿಂತಿತು. ಬುಧವಾರ ತಿರುವಿಗೆ ಬಂದರೆ ಮತ್ತೆ ಅದೇ ಓಲಾಟ, ಗಾಳಿಯಲ್ಲಿ ಅದೇ ಗರಗರ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲು ಹೋಯಿತು.

"ಸಾಹೇಬ್ರು ಗುಲ್ಬರ್ಗಾದಾಗ ಅದಾರ," ಎಂದರು ಸುಮಿತ್ರಾಬಾಯಿ. "ಇಲ್ಲಿ ಬಂದು ಯಾರು ನೋಡ್ತಾರ? ಮೋನಪ್ಪಗ ಹೇಳಿ ತಗಸು."

"ನೋಡಾಕ ಆಗೂದಿಲ್ಲಂತನೇ ಮಾತು ತಗೊಂಡಾರ ಅಕ್ಕಾರ."

"ಮತ್ತ ಕೂಸುಗೋಳು?"

ಶರಫುದ್ದೀನ ಅವರ ತೊಡೆಯ ಮೇಲಿನ ಬರ್ಫದ ಡಬ್ಬಿ ತೆಗೆದುಕೊಂಡು ಹೆಗಲಿಗೇರಿಸಿ ನಡೆಯತೊಡಗಿದ. ಹಳ್ಳದಿಂದ ಊರಿಗೆ ಮುಕ್ಕಾಲೇ ಮೈಲು, ಆದರೆ ಭಾದ್ರಪದದ ಮಳೆ ಬಿದ್ದ ಎರೆಮಣ್ಣು. ಮುಟ್ಟುವಷ್ಟರಲ್ಲಿ ಅರ್ಧ ಬರ್ಫ ಕರಗಿರುತ್ತಿತ್ತು, ಕಾದ ತಾಯಂದಿರು ಬೇಸತ್ತು ಹೊಲಕ್ಕೆ ಹೋಗಿಬಿಟ್ಟಿರುತ್ತಿದ್ದರು. ಎರಡು ತಿಂಗಳಲ್ಲಿ ಸೂಜಿ ತಪ್ಪಿಸಿಕೊಂಡ ಕೂಸುಗಳು ಹದಿನೇಳಾದವು. "ಖಾಯಂ ಡ್ರೈವರಿಗೂ ಹೋಗಲಿಕ್ಕೆ ಆಗದ ಊರು" ಎಂದು ಡಾಕ್ಟರು ಮತ್ತೆ ಪಟ್ಟಿಯ ಮಾತು ತೆಗೆದರು. ಕಡಕಿಹಾಳದ ಚಹಾದಂಗಡಿಯಲ್ಲಿ, "ಹಂಗಾಮಿ ಇದ್ದಾಗ ಜೀಪಿನಾಗ ಬರ್ತಿದ್ದ, ಖಾಯಂ ಆದ ಮ್ಯಾಲ ಕಾಲಾಗ ಬರ್ತಾನ," ಎಂದು ನಗುವವರಿಗೇನೂ ಕಡಿಮೆಯಿರಲಿಲ್ಲ. ಮೊದಲ ಸಲ ಶರಫುದ್ದೀನನಿಗೆ ತನ್ನ ನೌಕರಿಯ ಮೇಲೆ ಸಿಟ್ಟು ಬಂತು. ಈ ಕಾಗದಕ್ಕಾಗಿ ಒಂದು ಊರನ್ನೇ ಕೊಟ್ಟುಬಿಟ್ಟೆನೇನೋ ಎಂದು ಅವನು ಹೆಂಡತಿಯ ಎದುರು ಅತ್ತೂ ಬಿಟ್ಟ.

ಪರಿಹಾರ ಇಂಜಿನಿಯರಿಂದ ಬರಲಿಲ್ಲ, ಹೀರಾಬಾಯಿಯಿಂದ ಬಂತು. ಒಂದು ಬುಧವಾರ ಅವಳೂ ಅವಳ ಸಂಗಡದವರೂ ಹಳ್ಳದಾಚೆಯ ಹೊಲಕ್ಕೆ ಹೊರಟವರು ಜೀಪು ಸಿಕ್ಕಿಬಿದ್ದದ್ದನ್ನು ನಿಂತು ನೋಡಿದರು. ಹೀರಾಬಾಯಿ ಗಾಳಿಯಲ್ಲಿ ಎದ್ದ ಗಾಲಿಯನ್ನು ಕಾಲಿನಿಂದ ಒದ್ದಳು.

"ಲೇ ಡ್ರೈವರ, ನಮ್ಮ ಬಂಡಿ ಹಿಂಗ ಎದ್ದ್ರ ನಾವು ಹತ್ತಿ ಕುಂತು ಕೆಳಗ ಮಾಡ್ತೇವಿ. ನಿನ್ನ ಬಂಡಿಗೇನು ಕೋಡು ಅದಾವೇನು?"

"ಸರ್ಕಾರಿ ಗಾಡಿ ಕಾಕಿ, ಬ್ಯಾರೆ ಮಂದಿ ಕೂಡಂಗಿಲ್ಲ," ಎಂದ ಶರಫುದ್ದೀನ.

"ಬ್ಯಾರೆ ಮಂದಿ ಯಾರೋ ಇಲ್ಲಿ?" ಎನ್ನುತ್ತ ಅವಳು ಹತ್ತಿಯೇಬಿಟ್ಟಳು. ಹಿಂದಿನ ಎಡ ಮೂಲೆಯಲ್ಲಿ ಅವಳು ಕೂತ ರಭಸಕ್ಕೆ ಜೀಪು ನರಳಿತು. ಅವಳ ಹಿಂದೆಯೇ ಇನ್ನೂ ಹತ್ತು ಮಂದಿ ಹತ್ತಿದರು. ಒಂಬತ್ತು ಪಾಟಾ ಎಷ್ಟು ಭಾರಕ್ಕೆಂದು ಮಾಡಿದ್ದರೋ ಅಷ್ಟು ಭಾರ ಈಗ ಅವುಗಳ ಮೇಲೆ ಬಿತ್ತು. ಅವು ಬಾಗಿದವು, ಗಾಲಿ ಇಳಿಯಿತು, ಮಣ್ಣು ಕಚ್ಚಿತು. ಹೆಂಗಸರ ಕೂಗು, ನಗು, ಬೈಗುಳದ ನಡುವೆ ಜೀಪು ಏರು ಹತ್ತಿತು. ಸಾಹೇಬರಿಗೆ ಕೊಟ್ಟ ಮಾತೂ ಉಳಿಯಿತು, ಸಾಹೇಬರ ಲೆಕ್ಕವೂ ಸುಳ್ಳಾಗಲಿಲ್ಲ. ಸುಮಿತ್ರಾಬಾಯಿ ಆವತ್ತಿನ ರೋಗಿಗಳ ಪುಸ್ತಕದಲ್ಲಿ ಹನ್ನೊಂದು ಮಂದಿಯ ಹೆಸರು ಬರೆದು ಮುಂದೆ "ಸೊಂಟ ನೋವು" ಎಂದು ಹಾಕಿದರು. ಆ ಏರು ಹತ್ತಿದ ಮೇಲೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಅಲ್ಲಿಂದ ಕಡಕಿಹಾಳದಲ್ಲಿ ಬುಧವಾರದ ಪಾಳಿ ಶುರುವಾಯಿತು. ಇಂಥ ವಾರ ಇಂಥ ಹತ್ತು ಮನೆ ಎಂದು ಹೀರಾಬಾಯಿ ಗೊತ್ತು ಮಾಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಮನೆಗೊಬ್ಬಳು ಹಳ್ಳದಲ್ಲಿ ಬಂಡೆಯ ಹತ್ತಿರ ನಿಂತಿರಬೇಕು. ತೆಳ್ಳಗಿದ್ದವರನ್ನು ಅವಳು ವಾಪಸ್ ಕಳಿಸುತ್ತಿದ್ದಳು, "ಹೋಗಿ ರೊಟ್ಟಿ ತಿಂದು ಬಾ ಬೇ" ಎಂದು. ಅವಳ ಪಾಳಿಯಿಲ್ಲದ ವಾರವೂ ಅವಳು ತಪ್ಪುತ್ತಿರಲಿಲ್ಲ. ಹಿಂದಿನ ಎಡ ಮೂಲೆ ಅವಳದೇ. ಊರಿಗೆ ಬಂದ ಹೊಸ ಸೊಸೆಯರು ಅತ್ತೆಯ ಕಣ್ಣು ತಪ್ಪಿಸಿ ನಗಲು ಕಲಿತದ್ದು ಆ ಜೀಪಿನಲ್ಲಿ. ಯಾರು ಬಸುರಿ, ಯಾರ ಗಂಡ ಹೊಡೆದ, ಯಾರ ಎಮ್ಮೆ ಈಯಿತು, ಎಲ್ಲ ಆ ಮುಕ್ಕಾಲು ಮೈಲಿಯಲ್ಲಿ ತಿಳಿಯುತ್ತಿತ್ತು. ಶರಫುದ್ದೀನನ ಹಿರಿಯ ಮಗಳಿಗೆ ಇಜೇರಿಯ ಸಂಬಂಧ ಗೊತ್ತು ಮಾಡಿದ್ದೂ ಆ ಜೀಪೇ. ಮೂವತ್ತೈದು ದಾಟಿದಾಗ ಸೇರಿದವನು ಐವತ್ತು ದಾಟಿದ. ಹನ್ನೆರಡು ವರ್ಷ ಹೀಗೇ ಕಳೆದವು, ಅವನಿಗೆ ಒಂದು ಬುಧವಾರವೂ ಭಾರವೆನಿಸಲಿಲ್ಲ.

ತೊಂಬತ್ತೊಂದರಲ್ಲಿ ಸೇತುವೆಯಾಯಿತು. ಬಂಡೆಯನ್ನು ಬಲಕ್ಕೆ ಬಿಟ್ಟು ಹಳ್ಳದ ಮೇಲೆ ನೇರ ಹಾದಿ. ಊರವರು ಇಂಜಿನಿಯರರಿಗೆ ಹಾರ ಹಾಕಿದರು. ಹಾಕಲೇಬೇಕು, ಎಷ್ಟು ವರ್ಷದ ಬೇಡಿಕೆ. ಮೊದಲ ಬುಧವಾರ ಜೀಪು ಸೇತುವೆ ದಾಟಿದ್ದು ಶರಫುದ್ದೀನನಿಗೆ ಗೊತ್ತೇ ಆಗಲಿಲ್ಲ. ಹಳ್ಳದಲ್ಲಿ ಯಾರೂ ಇರಲಿಲ್ಲ. ಯಾಕಿರಬೇಕು? ಶಾಲೆಯ ಪಡಸಾಲೆಯಲ್ಲಿ ಹೆಂಗಸರು ಒಬ್ಬೊಬ್ಬರೇ ಬಂದು ಕೂಸಿಗೆ ಸೂಜಿ ಹಾಕಿಸಿ, "ಬರ್ತೇವ್ರಿ," ಎಂದು ಹೋದರು. ಹತ್ತೂವರೆಗೆ ಕೆಲಸ ಮುಗಿಯಿತು. ಎರಡನೆಯ ಬುಧವಾರವೂ ಹಾಗೇ. ಮರಳುವಾಗ ಸುಮಿತ್ರಾಬಾಯಿ, "ಎಷ್ಟು ಬೇಗ ಆತಲ್ಲ," ಎಂದರು. ಶರಫುದ್ದೀನ ಗೇರು ಬದಲಿಸಿದ. ಮನೆಯಲ್ಲಿ ಊಟ ಬಿಟ್ಟ. ಖಾಸೀಂಬಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಮೂರನೆಯ ಬುಧವಾರ ಸೇತುವೆ ಹತ್ತಿರ ಬಂತು. ಶರಫುದ್ದೀನ ಸ್ಟೇರಿಂಗು ತಿರುಗಿಸಿ ಹಳೆಯ ಇಳಿಜಾರಿಗೆ ಇಳಿದ.

"ಏ ಶರಫಣ್ಣ! ಸೇತುವಿ ಆ ಕಡಿ ಅದ!" ಎಂದು ಸುಮಿತ್ರಾಬಾಯಿ ಡಬ್ಬಿಯನ್ನು ಅಪ್ಪಿಕೊಂಡರು.

ಜೀಪು ಬಂಡೆ ಬಳಸಿತು, ಮುಂದಿನ ಎಡಗಾಲಿ ಏರಿತು, ಹಿಂದಿನದು ಗಾಳಿಯಲ್ಲಿ ತಿರುಗಿತು. ಅವನು ಇಂಜಿನ್ ಆರಿಸಿ ಹಾರ್ನು ಒತ್ತಿದ. ಊರ ಕಡೆ ನೋಡಿದ. ಮತ್ತೆ ಒತ್ತಿದ. ಸುಮಿತ್ರಾಬಾಯಿ ಅವನ ಮುಖ ನೋಡಿದರು. ಬೈಯಲು ಹೊರಟವರು ಡಬ್ಬಿ ಸರಿಮಾಡಿಕೊಂಡು ಸೀಟಿಗೆ ಒರಗಿದರು.

ಊರ ಕಡೆಯಿಂದ ಮೊದಲು ಇಬ್ಬರು ಬಂದರು, ಏನು ಅನಾಹುತವಾಯಿತೋ ಎಂದು ಓಡುತ್ತ. ಹಿಂದೆ ಐದಾರು ಮಂದಿ, ಹಿಟ್ಟಿನ ಕೈಯವರು, ಕೂಸು ಎತ್ತಿಕೊಂಡವರು. ಎಲ್ಲರಿಗಿಂತ ಹಿಂದೆ ಹೀರಾಬಾಯಿ. ಅವಳಿಗೀಗ ಮೊಣಕಾಲು ನೋವು, ಒಂದು ಕೈ ಸೊಸೆಯ ಹೆಗಲ ಮೇಲೆ. ಇಳಿಜಾರು ಇಳಿದು ಬರಲು ಬಹಳ ಹೊತ್ತು ಹಿಡಿಯಿತು. ಬಂದವಳೇ ಜೀಪಿನ ಮೂತಿಗೆ ಅಂಗೈಯಿಂದ ಬಡಿದಳು.

"ಕಣ್ಣು ಹೋಗ್ಯಾವೇನೋ ನಿನ್ನವು? ಅಷ್ಟು ದೊಡ್ಡ ಸೇತುವಿ ಕಾಣಲಿಲ್ಲ?"

"ಕಾಣ್ತು ಕಾಕಿ," ಎಂದ ಶರಫುದ್ದೀನ. "ಅದರ ಮ್ಯಾಲ ಹೋದ್ರ ನೀವು ಯಾರೂ ಸಿಗೂದಿಲ್ಲ."

ಹೀರಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಸೊಸೆಯ ಹೆಗಲು ಒತ್ತಿ ಜೀಪಿನ ಹಿಂಭಾಗಕ್ಕೆ ನಡೆದು, "ಎತ್ತ್ರಿ ಬೇ ನನ್ನ," ಎಂದಳು. ನಾಲ್ವರು ಸೇರಿ ಎತ್ತಿ ಎಡ ಮೂಲೆಯಲ್ಲಿ ಕೂರಿಸಿದರು. ಉಳಿದವರೂ ಒಬ್ಬರ ಮೇಲೊಬ್ಬರು ಹತ್ತಿದರು. ಶರಫುದ್ದೀನ ಕನ್ನಡಿಯಲ್ಲಿ ಒಬ್ಬೊಬ್ಬರನ್ನೇ ನೋಡಿ, ಎಲ್ಲರೂ ಕೂತರೆಂದು ಆದ ಮೇಲೆ ಗೇರು ಹಾಕಿದ.